ಇನ್ನೊಂದು ಬಿಸಿಲು

ಆ ದಿನ ಬೆಳಗಾದರೂ ಬೆಳಕಾಗಿರಲಿಲ್ಲ. ಹೊಳೆಯಿಂದ ಎದ್ದ ಮಂಜು ಇಳಿಜಾರು ಹತ್ತಿ ಬಂದು, ದ್ರಾಕ್ಷಿ ತೋಟವನ್ನು ಸಾಲುಸಾಲಾಗಿ ನುಂಗಿ, ಮನೆಯ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿತ್ತು. ಸಾವಿನ ಮನೆಗೆ ಬಂದು, ಒಳಗೆ ಕಾಲಿಡಲೋ ಬೇಡವೋ ಎಂದು ಹಿಂಜರಿಯುವ ದೂರದ ನೆಂಟನ ಹಾಗೆ. ಸೊಸೆ ತೋಟದ ಮೇಲಿನ ಸಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಒಂದು ಗೊಂಚಲನ್ನು ಅಂಗೈ ಮೇಲೆ ಎತ್ತಿ ಹಿಡಿದು, ಅದರ ಬೆನ್ನಿನ ಕಡೆಯ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು.

ಸಿಪ್ಪೆ ಸುಕ್ಕುಗಟ್ಟಿತ್ತು. ಮೊದಲು ಜೇನು ಬಂತು. ಅದು ಹೋದಮೇಲೆ ಒಣಹುಲ್ಲು, ಅದರ ಹಿಂದೆ ಸೇಬು. ಎಲ್ಲದರ ಅಡಿಯಲ್ಲಿ, ಬಾವಿಯ ತಳದ ನೀರಿನ ಹಾಗೆ ತಣ್ಣಗೆ, ಹುಳಿ. ಎಲ್ಲವೂ ಇದ್ದವು. ಆದರೆ ಒಂದರ ಹಿಂದೆ ಒಂದು ಬಂದವು, ಒಟ್ಟಿಗೆ ಬರಲಿಲ್ಲ.

“ಹೆಣ ಮನೇಲಿಟ್ಕೊಂಡು ಇವಳು ಹಣ್ಣು ತಿಂತಾ ಕೂತಿದಾಳಲ್ಲ!”

ಮಂಜಿನೊಳಗಿಂದ ದನಿ ಮೊದಲು ಬಂತು, ಸತ್ತವಳ ಮಗಳು ಆಮೇಲೆ ಬಂದಳು. ಉದ್ದದ ಕಪ್ಪು ಕೋಟು, ನಿದ್ದೆಗೆಟ್ಟು ಊದಿದ ಕಣ್ಣು. ಬೆಳಗಿನ ಜಾವ ಕೋಣೆಯ ಬಾಗಿಲು ಹಾಕಿಕೊಂಡು ತಾಯಿಗೆ ಕಡೆಯ ಸ್ನಾನ ಮಾಡಿಸಿ, ತಲೆ ಬಾಚಿ, ಬಟ್ಟೆ ಉಡಿಸಿದವಳು ಅವಳೇ. ಯಾರನ್ನೂ ಒಳಗೆ ಬಿಟ್ಟಿರಲಿಲ್ಲ.

“ತಿಂತಿಲ್ಲ ಅತ್ತಿಗೆ. ನೋಡ್ತಿದೀನಿ.”

“ಇನ್ನೇನು ನೋಡೋದು? ಸಂಜೆಗೆ ಮಳೆ ಅಂತ ರೇಡಿಯೋದಲ್ಲಿ ಬಡ್ಕೋತಿದಾರೆ. ಮಧ್ಯಾಹ್ನಕ್ಕೆ ನಮ್ಮ ಕಾರ್ಖಾನೆ ಲಾರಿ ಬರುತ್ತೆ, ಕೊಯ್ಯೋರೂ ಬರ್ತಾರೆ. ಅಮ್ಮನ್ನ ಮಣ್ಣು ಮಾಡಿ ಬಂದ ಕೂಡ್ಲೆ ಮೇಲಿನ ಸಾಲು ಪೂರ್ತಿ ಬೋಳಿಸಿ ಕಳಿಸಿಬಿಡೋಣ.”

“ಇನ್ನೊಂದು ಬಿಸಿಲು ಬೇಕು ಅತ್ತಿಗೆ.”

“ಬಿಸಿಲೆಲ್ಲಿದೆ? ಜೇಬಲ್ಲಿ ಇಟ್ಕೊಂಡಿದೀಯಾ?”

ಸೊಸೆ ಗೊಂಚಲನ್ನು ಮೆಲ್ಲಗೆ ಎಲೆಯ ಮರೆಗೆ ಬಿಟ್ಟಳು. ಸೋಲುವ ಮಾತನ್ನು ಬೆಳಿಗ್ಗೆಯೇ ಆಡಿ ಮುಗಿಸಬಾರದು ಎಂದು ಅತ್ತೆ ಹೇಳುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಇಷ್ಟು: ಅತ್ತಿಗೆ ಕೆಲಸಕ್ಕಿದ್ದ, ಕಣಿವೆಯ ಕೆಳಗಿನ ಆ ದೊಡ್ಡ ದ್ರಾಕ್ಷಾರಸದ ಕಾರ್ಖಾನೆ ತೋಟದ ಕೆಳಗಿನ ಸಾಲುಗಳನ್ನು ಮೊದಲು ಒಂದು ವರ್ಷಕ್ಕೆಂದು ಕೇಳಿತ್ತು. ಆ ಸಾಲುಗಳ ಹಣ್ಣು ಮತ್ತೆ ಮನೆಯ ಪೀಪಾಯಿಯ ಮುಖ ಕಂಡಿರಲಿಲ್ಲ. ಮೇಲಿನ ಸಾಲುಗಳೂ ಹೋದರೆ ಈ ಮನೆಯಲ್ಲಿ ದ್ರಾಕ್ಷಾರಸ ಮಾಡುವುದು ಇವತ್ತಿಗೆ ಮುಗಿಯಿತು. ಆಮೇಲೆ ಅವಳು ಈ ಇಳಿಜಾರಿನಲ್ಲಿ ಏನು? ಅಡುಗೆಮನೆಯ ಕಿಟಕಿಯಿಂದ ತೋಟ ನೋಡುವವಳು.

ಇಬ್ಬರೂ ಕೆಳಗಿಳಿದು ಅಡುಗೆಮನೆಗೆ ಬಂದಾಗ ಸತ್ತವಳ ಮಗ ಮೇಜಿನ ಮುಂದೆ ಕೂತಿದ್ದ. ಸೊಸೆಯ ಗಂಡ, ಮಗಳ ತಮ್ಮ. ಪೀಪಾಯಿ ಕಟ್ಟುವುದು ಅವನ ಕಸುಬು. ಸುತ್ತಿಗೆಯ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಇನ್ನೊಂದು ಕಿವಿಯನ್ನು ಅವನೇ ಸಮಯ ನೋಡಿ ಮಂದ ಮಾಡಿಕೊಳ್ಳುತ್ತಿದ್ದ.

“ನೀನೇ ಹೇಳೋ,” ಎಂದಳು ಅಕ್ಕ. “ಹೋದ ವರ್ಷ ಅಮ್ಮ ‘ಇನ್ನೊಂದು ಬಿಸಿಲು’ ಅಂತ ಕಾದು ಏನಾಯ್ತು? ಮಳೆ ಬಂದು ಅರ್ಧ ತೋಟ ನೀರುಗೊಳೆ ಆಯ್ತೋ ಇಲ್ವೋ?”

“ಆಯ್ತು.”

“ಅದರ ಹಿಂದಿನ ವರ್ಷ ಕಾದದ್ದಕ್ಕೆ ಅಂಥ ರಸ ಬಂತೋ ಇಲ್ವೋ?” ಎಂದಳು ಹೆಂಡತಿ.

“ಬಂತು.”

“ಏನೋ ಇದು! ನಿಂಗೊಂದು ಮಾತಿಲ್ವಾ?”

“ನಾನು ಮರದವನು ಅಕ್ಕ. ಹಣ್ಣಿನ ವಿಷಯ ನನ್ನ ಕೇಳಬೇಡಿ. ಕತ್ತರಿ ಯಾರ ಕೈಲಿದ್ಯೋ ಅವರ ಮಾತು. ಅಮ್ಮ ಇಟ್ಟ ಪದ್ಧತಿ.”

ಮೂವರೂ ಬಾಗಿಲ ಪಕ್ಕದ ಮೊಳೆಯ ಕಡೆ ನೋಡಿದರು. ಗೊಂಚಲು ಕೊಯ್ಯುವ ಕತ್ತರಿಯನ್ನು ಅತ್ತೆ ದಿನವೂ ನೇತುಹಾಕುತ್ತಿದ್ದ ಮೊಳೆ ಅದು. ಗೋಡೆಯ ಮೇಲೆ ಕತ್ತರಿಯ ಆಕಾರದಲ್ಲೇ ಎಣ್ಣೆಯ ಕಲೆ ಇತ್ತು. ಕತ್ತರಿ ಇರಲಿಲ್ಲ.

“ನಿನ್ನೆಯಿಂದ ಹುಡುಕ್ತಿದೀನಿ,” ಎಂದಳು ಸೊಸೆ.

“ಎಲ್ಲೋ ಬಿದ್ದಿರುತ್ತೆ,” ಎಂದಳು ಮಗಳು, ಕಿಟಕಿಯ ಕಡೆ ತಿರುಗಿ. “ಕಾರ್ಖಾನೆಯವರು ತಮ್ಮ ಕತ್ತರಿ ತಾವೇ ತರ್ತಾರೆ.”

*

ಸೀಸೆಯ ಚೀಟಿಯ ಮೇಲೆ ಆ ಹಣ್ಣಿನ ಹೆಸರು ಶೆನಿನ್ ಬ್ಲಾಂ ಎಂದು ಅಚ್ಚಾಗಿರುತ್ತಿತ್ತು. ಆ ಮನೆಯಲ್ಲಿ ಯಾರ ನಾಲಿಗೆಯ ಮೇಲೂ ಆ ಹೆಸರು ಕೂತದ್ದಿಲ್ಲ. ಅವರಿಗೆ ಅದು ಸೊಸೆಬಳ್ಳಿ.

ನಿಜವಾದ ಸೊಸೆ ಮನೆಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಅತ್ತೆ ಅವಳನ್ನು ಕರೆದು ಮೇಜಿನ ಮೇಲೆ ನಾಲ್ಕು ಲೋಟ ಇಟ್ಟರು. ಮೊದಲನೆಯದರಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಎರಡನೆಯದು ತಿಳಿನೀರಿನಂತೆ, ಕುಡಿದರೆ ಹಲ್ಲು ಜುಮ್ಮೆನ್ನುವಂಥದ್ದು. ಮೂರನೆಯದು ಹಳದಿ, ಮರದ ವಾಸನೆಯದು. ನಾಲ್ಕನೆಯದು ಬೆಲ್ಲದ ಪಾಕದ ಬಣ್ಣ, ಲೋಟ ಓರೆ ಮಾಡಿದರೆ ನಿಧಾನವಾಗಿ ಹರಿಯುತ್ತಿತ್ತು.

“ಕುಡಿದು ಹೇಳು. ಎಷ್ಟು ಜಾತಿ ಹಣ್ಣು?”

ಅವಳು ಕಪ್ಪು ದ್ರಾಕ್ಷಿಯ ಊರಿನವಳು. ಅಲ್ಲಿ ಹಣ್ಣು ಕಪ್ಪಾದರೆ ಕೊಯ್ಯುವುದು, ಅಷ್ಟೇ ಶಾಸ್ತ್ರ. ಒಂದೊಂದೇ ಗುಟುಕು ಕುಡಿದು, “ನಾಲ್ಕು,” ಎಂದಳು.

ಗಂಡ ಬಾಗಿಲ ಮರೆಯಲ್ಲಿ ನಕ್ಕ. ಅತ್ತೆ ನಗಲಿಲ್ಲ.

“ಒಂದೇ. ಕಾಯಿ ಬಿರುಸಾಗಿರುವಾಗ ಕೊಯ್ದ್ರೆ ಈ ನೊರೆಯದು. ಸ್ವಲ್ಪ ತಾಳಿದ್ರೆ ಇದು. ಇನ್ನೂ ತಾಳಿ, ಇವನ ಪೀಪಾಯಿಗೆ ಹಾಕಿ ಮರೆತ್ರೆ ಇದು. ಊರವರೆಲ್ಲ ‘ಇವಳಿಗೆ ಹುಚ್ಚು’ ಅನ್ನೋ ತನಕ, ಬೂಷ್ಟು ಹಿಡಿಯೋ ತನಕ ತಾಳಿದ್ರೆ, ಇದು.” ಅವರು ನಾಲ್ಕನೆಯ ಲೋಟವನ್ನು ಉಗುರಿನಿಂದ ತಟ್ಟಿದರು. “ಅದು ಕೊಳೆ ಅಲ್ಲ ಹುಡುಗಿ, ಹಣ್ಣಿನ ಮುಪ್ಪು. ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು ಸಿಕ್ಕಿದ್ರೆ ಮುಪ್ಪು ಚೆನ್ನಾಗಿ ಬರುತ್ತೆ. ಮಳೆ ಬಂದ್ರೆ ಕೊಳೆ.”

“ಅದಕ್ಕೇನಾ ಸೊಸೆಬಳ್ಳಿ ಅನ್ನೋದು? ಹೋದ ಮನೆಗೆಲ್ಲ ಹೊಂದ್ಕೊಳ್ಳುತ್ತೆ ಅಂತ?”

“ಎಲ್ಲರೂ ಹಾಗಂತಾರೆ. ಮತ್ತೆ ಕುಡಿದು ನೋಡು. ನಾಲ್ಕರಲ್ಲೂ ಯಾವುದು ಹಾಗೇ ಇದೆ?”

ಅವಳು ಮತ್ತೆ ಕುಡಿದಳು. ಪಾಕದಂಥ ಸಿಹಿಯ ಕೊನೆಯಲ್ಲೂ, ಬಾಗಿಲ ಸಂದಿನಿಂದ ಬರುವ ಗಾಳಿಯ ಹಾಗೆ, ಅದು ಇತ್ತು.

“ಹುಳಿ.”

“ಹೂಂ. ಅದು ತವರಿಂದ ತಂದದ್ದು. ಅದನ್ನ ಮಾತ್ರ ಯಾವ ಮನೆಗೂ ಬಿಟ್ಟುಕೊಡಲ್ಲ. ಹೊಂದ್ಕೊಂಡು ಹೋಗಬೇಡ ಅನ್ನಲ್ಲ ನಾನು. ಹುಳಿ ಬಿಡಬೇಡ.”

ಅತ್ತೆಯ ಹೆಸರು ಊರಿಗೆ ಮರೆತೇ ಹೋಗಿತ್ತು. ಎಲ್ಲರಿಗೂ ಅವರು ಹುಳಿಯಮ್ಮ. ಸಿಕ್ಕ ಸಿಕ್ಕ ಬಳ್ಳಿಯ ಹಣ್ಣು ಕಿತ್ತು, ಅಗಿದು, ಉಗಿದು, “ಇನ್ನೂ ಹುಳಿ” ಎಂದು ಮುಂದೆ ಹೋಗುವವರು. ನಾಲಿಗೆಯೂ ಹಾಗೆಯೇ ಇತ್ತು. ಅವರೂ ಹುಟ್ಟಿನಿಂದ ತೋಟದವರಲ್ಲ. ಮದುವೆಗೆ ಮುಂಚೆ ಪೇಟೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮೂರನೆಯ ಲೋಟದ ವಾಸನೆಯನ್ನು ಅವರು “ಒದ್ದೆ ಉಣ್ಣೆ” ಎನ್ನುತ್ತಿದ್ದುದು ಅದಕ್ಕೇ. ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ಊರವರ ಉಣ್ಣೆ ಬಟ್ಟೆ ಬಿಟ್ಟ ಉಗಿ ಅವರ ಮೂಗಿನಲ್ಲಿ ಉಳಿದುಬಿಟ್ಟಿತ್ತು. ಯಾರ ಬಟ್ಟೆ ಯಾರ ಮನೆಗೆ ಹೋಗಬೇಕೆಂದು ಬಟ್ಟೆಯ ಮೂಲೆಗೆ ಬಣ್ಣದ ದಾರದಲ್ಲಿ ಗಂಟು ಹಾಕುವ ಅಭ್ಯಾಸವೂ ಉಳಿದಿತ್ತು. ಈ ಮನೆಯಲ್ಲೂ ಟವೆಲು, ಕರವಸ್ತ್ರ, ಕೈಚೀಲ ಎಲ್ಲಕ್ಕೂ ಗಂಟು: ಮಗನಿಗೆ ನೀಲಿ, ಮಗಳಿಗೆ ಕೆಂಪು. ಸೊಸೆ ಬಂದ ವಾರವೇ ಅವಳ ಟವೆಲಿನ ಮೂಲೆಯಲ್ಲಿ ಹಸಿರು ಗಂಟು ಕಾಣಿಸಿಕೊಂಡಿತ್ತು. “ಒಬ್ಬರದು ಇನ್ನೊಬ್ಬರ ಮನೆಗೆ ಹೋದ್ರೆ ಇಸ್ತ್ರಿ ಮಾಡಿದ್ದೂ ದಂಡ,” ಎನ್ನುತ್ತಿದ್ದರು.

*

ಮಂಜು ಕರಗುವ ಮುಂಚೆಯೇ ಜನ ಸೇರಿತು. ಪಕ್ಕದ ತೋಟದ ಮುದುಕ ಟೊಪ್ಪಿಗೆ ಕೈಯಲ್ಲಿ ಹಿಡಿದು ಒಳಗೆ ಬಂದು, ಶವಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತ. ಪೆಟ್ಟಿಗೆಯನ್ನು ಮಗನೇ ಮಾಡಿದ್ದ, ಪೀಪಾಯಿಗೆಂದು ಒಣಗಿಸಿಟ್ಟ ಹಲಗೆಯಲ್ಲಿ. ಕೈಗೆ ಬಂದ ಅಭ್ಯಾಸ ಬಿಡದೆ ಮುಚ್ಚಳ ನಡುವಿನಲ್ಲಿ ಸ್ವಲ್ಪ ಉಬ್ಬಿತ್ತು.

“ಏನೋ ಇದು,” ಎಂದ ಮುದುಕ, “ನಿಮ್ಮಮ್ಮನ್ನೂ ಹಳೇದು ಮಾಡೋಕೆ ಇಡ್ತಿದೀಯಾ?”

ಮಗ ಅಳುತ್ತಿದ್ದವನು ನಕ್ಕುಬಿಟ್ಟ. ಹಿಂದಿನಿಂದ ಯಾರೋ ಹೆಂಗಸು, “ಹುಳಿಯಮ್ಮ ಹೋದ್ಲು, ಇನ್ನು ಊರಲ್ಲಿ ಹಾಲು ಒಡೆಯಲ್ಲ ಬಿಡಿ,” ಎಂದಳು. ಹಾಗೆಂದವಳೇ ಕಣ್ಣೊರೆಸಿಕೊಂಡಳು.

“ಕೈಗೆಟುಕದ ದ್ರಾಕ್ಷಿ ಹುಳಿ ಅನ್ನೋರನ್ನ ಕೇಳಿದೀನಿ,” ಎಂದ ಮುದುಕ. “ಕೈಗೆಟುಕಿದ್ದನ್ನೂ ಹುಳಿ ಅಂತಿದ್ದೋಳು ಇವಳೊಬ್ಬಳೇ. ನಮ್ಮ ತೋಟದ ಹಣ್ಣು ತಿಂದು ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲ ತಾಯಿ. ಆದ್ರೆ ಅವಳು ‘ಹೂಂ’ ಅನ್ನದೆ ನಾನೂ ಒಂದು ದಿನ ಕೊಯ್ಯಲಿಲ್ಲ.” ಆಮೇಲೆ ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದ. “ಮೇಲಿನ ಸಾಲು ಏನಂತೆ?”

“ಇನ್ನೊಂದು ಬಿಸಿಲು ಬೇಕು ತಾತ.”

ಮುದುಕ ಕಿಟಕಿಯ ಆಚೆ ನೋಡಿದ. ಗೇಟಿನ ಹತ್ತಿರ ಮಂಜಿನಲ್ಲಿ ಎರಡು ಹಳದಿ ದೀಪಗಳು ಕಾಣಿಸಿಕೊಂಡಿದ್ದವು. ಲಾರಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿತ್ತು.

“ದೇವರು ಮನಸ್ಸು ಮಾಡಬೇಕು,” ಎಂದ ಮುದುಕ. “ಆದ್ರೆ ಅವನಿಗಿಂತ ಮುಂಚೆ ಲಾರಿಯವನು ಬಂದಿದಾನೆ.”

ಪೆಟ್ಟಿಗೆ ಹೊತ್ತವರು ತೋಟದ ಅಂಚಿನ ದಾರಿಯಲ್ಲಿ ಹೊರಟರು. ದಾರಿ ಮೇಲಿನ ಸಾಲುಗಳನ್ನು ಬಳಸಿಕೊಂಡೇ ಹೋಗುತ್ತಿತ್ತು. ಹುಳಿಯಮ್ಮ ಬದುಕಿನುದ್ದಕ್ಕೂ ಬುಟ್ಟಿ ಹೊತ್ತು ಹತ್ತಿ ಇಳಿದ ದಾರಿ ಅದು. ಈಗ ಅವರನ್ನೇ ಹೊತ್ತು ಹತ್ತುತ್ತಿದ್ದರು. ಎಲೆಗಳಿಂದ ಮಂಜಿನ ಹನಿ ಪೆಟ್ಟಿಗೆಯ ಉಬ್ಬಿನ ಮೇಲೆ ಬಿದ್ದು ಇಬ್ಬದಿಗೆ ಜಾರುತ್ತಿತ್ತು. ಸೊಸೆಯ ಕಣ್ಣು ಪೆಟ್ಟಿಗೆಯ ಮೇಲಿತ್ತು, ಚರ್ಮ ಮಾತ್ರ ಗಾಳಿಯ ಮೇಲಿತ್ತು. ಗಾಳಿ ಯಾವ ಕಡೆಯಿಂದ? ಹೊಳೆಯ ಕಡೆಯಿಂದ ಬಂದರೆ ಮಂಜು ಹಾಗೇ ಕೂರುತ್ತದೆ. ಬೆಟ್ಟದ ಕಡೆಯಿಂದ ಬಂದರೆ ಮಂಜು ಹರಿಯುತ್ತದೆ, ಆದರೆ ಹಿಂದೆಯೇ ಮಳೆ. ಎರಡರ ನಡುವೆ ಎಷ್ಟು ಹೊತ್ತು ಬಿಸಿಲು ಸಿಕ್ಕೀತು? ಅತ್ತೆಯನ್ನು ಮಣ್ಣು ಮಾಡಲು ಹೋಗುವಾಗ ಗಾಳಿ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅತ್ತೆ ಎದ್ದು ಕೂತರೂ ಮೊದಲು ಕೇಳುವುದು ಇದನ್ನೇ ಎನ್ನಿಸಿ ಸಮಾಧಾನವಾಯಿತು.

ಹಿರಿಯರೊಬ್ಬರು ಪ್ರಾರ್ಥನೆ ಹೇಳಿದರು. ಕೊಟ್ಟವನೇ ಕರೆದಿದ್ದಾನೆ, ಮಾಗಿದ್ದನ್ನೇ ಕರೆದಿದ್ದಾನೆ, ನಮ್ಮ ಲೆಕ್ಕ ಬೇರೆ ಅವನ ಲೆಕ್ಕ ಬೇರೆ ಎಂದರು. ಪೆಟ್ಟಿಗೆ ಕೆಳಗಿಳಿಯಿತು. ಮೊದಲ ಹಿಡಿ ಮಣ್ಣು ಹಾಕಲು ಮಗಳು ಬಗ್ಗಿದಳು.

ಆಗ ಅವಳ ಕೋಟಿನ ಜೇಬು ತೂಗಿ, ಅಂಚಿನ ಕಲ್ಲಿಗೆ ತಾಗಿ, ‘ಟಿಣ್’ ಎಂದಿತು.

ಸಣ್ಣ ಸದ್ದು. ಗುಂಡಿಯಿಂದ ಹಗ್ಗ ಮೇಲೆಳೆದುಕೊಳ್ಳುವ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಸೊಸೆಯ ಬೆನ್ನು ಮಾತ್ರ ನೆಟ್ಟಗಾಯಿತು. ಕಬ್ಬಿಣ ಕಬ್ಬಿಣವೇ ಆದರೂ, ಒಳಗೆ ಸ್ಪ್ರಿಂಗ್ ಇರುವ ಕಬ್ಬಿಣದ ದನಿ ಬೇರೆ. ಆ ದನಿಯನ್ನು ಅವಳು ತವರಿನ ಅಂಗಳದಲ್ಲಿ ಕೇಳಿ ಬೆಳೆದಿದ್ದಳು.

ಮಗಳು ತಲೆಯೆತ್ತಿದಳು. ಇಬ್ಬರ ಕಣ್ಣೂ ಕೂಡಿದವು. ಮಗಳು ಜೇಬಿನ ಮೇಲೆ ಕೈ ಇಟ್ಟುಕೊಂಡಳು.

ಸೊಸೆ ಬಾಯಿ ತೆರೆದಳು. ಗುಂಡಿಯೊಳಗಿನ ಉಬ್ಬಿದ ಮುಚ್ಚಳ ಕಾಣಿಸಿತು. ಬಾಯಿ ಮುಚ್ಚಿಕೊಂಡು, ಒಂದು ಹಿಡಿ ಮಣ್ಣು ಎತ್ತಿ ಹಾಕಿದಳು.

*

ಆ ಕತ್ತರಿ ಅವಳದೇ. ಮದುವೆಯಾಗಿ ಬರುವಾಗ ಅಪ್ಪ ಕೊಟ್ಟದ್ದು. “ಚಿನ್ನ ಕೊಡೋ ಶಕ್ತಿ ಇಲ್ಲ ಮಗಳೇ, ಇದು ಕೊಡ್ತೀನಿ. ಚಿನ್ನದ ಹಾಗಲ್ಲ, ದಿನಾ ಕೆಲಸಕ್ಕೆ ಬರುತ್ತೆ,” ಎಂದಿದ್ದ.

ಬಂದ ವರ್ಷವೇ ಅವಳು ಒಂದು ತಪ್ಪು ಮಾಡಿದಳು. ಅತ್ತೆ ಯಾರದೋ ಹೆರಿಗೆಗೆಂದು ಪಕ್ಕದೂರಿಗೆ ಹೋಗಿದ್ದರು. ಮೇಲಿನ ಸಾಲಿನಲ್ಲಿ ಕೆಲವು ಗೊಂಚಲು ಹೊಂಬಣ್ಣಕ್ಕೆ ತಿರುಗಿದ್ದವು, ಕೆಲವು ಹಸಿರಾಗಿದ್ದವು, ಒಂದೇ ಗೊಂಚಲಿನಲ್ಲಿ ಅರ್ಧ ಹಣ್ಣು ಅರ್ಧ ಕಾಯಿ. ಅತ್ತೆ ಬರುವುದರೊಳಗೆ ಕೆಲಸ ಮುಗಿಸಿ ಮೆಚ್ಚಿಸಬೇಕೆಂದು ಅವಳು ತವರಿನ ಪದ್ಧತಿಯಂತೆ ಸಾಲಿನ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಕೊಯ್ದುಬಿಟ್ಟಳು. ಹಣ್ಣು, ಕಾಯಿ, ದೋರೆ, ಎಲ್ಲ ಒಂದೇ ಬುಟ್ಟಿಗೆ.

ಅತ್ತೆ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬುಟ್ಟಿಗಳ ಮುಂದೆ ಕೂತು ಒಂದೊಂದೇ ಗೊಂಚಲು ಎತ್ತಿ ನೋಡಿ ಕೆಳಗಿಟ್ಟರು, ಕಳೆದುಹೋದ ಬಟ್ಟೆ ಹುಡುಕುವವರ ಹಾಗೆ.

“ನಿಮ್ಮ ಕಪ್ಪು ಬಳ್ಳಿ ಹಾಗಲ್ಲ ಇದು. ಇದರ ಮಕ್ಕಳಿಗೆ ಒಂದೇ ಹೊತ್ತಿಗೆ ಹಸಿವಾಗಲ್ಲ. ಯಾರು ಹಸ್ಕೊಂಡು ಬಂದ್ರೋ ಅವರಿಗೆ ಬಡಿಸಬೇಕು, ಮತ್ತೆ ಬರಬೇಕು, ಮತ್ತೆ ಬಡಿಸಬೇಕು. ಒಂದು ಬಳ್ಳಿ ಹತ್ರ ಎಷ್ಟು ಸಲ ಬರೋಕೆ ಬೇಜಾರಿಲ್ವೋ ಅಷ್ಟು ರುಚಿ.” ಆಮೇಲೆ ಕೈ ಚಾಚಿದರು. “ಕತ್ತರಿ ಕೊಡು. ಬಳ್ಳಿ ಕಲಿತ ದಿನ ನಿನ್ನದು ನಿನಗೆ.”

ಆವತ್ತು ಮೊಳೆಗೆ ಏರಿದ ಕತ್ತರಿ ಮತ್ತೆ ಅವಳ ಕೈಗೆ ಬರಲಿಲ್ಲ. ಅವಳು ಬಾಗಿದ ಹಳೆಯ ಚಾಕುವಿನಲ್ಲಿ ಕೊಯ್ಯುತ್ತಿದ್ದಳು. ಪ್ರತಿ ವರ್ಷ ಸುಗ್ಗಿಯಲ್ಲಿ ಅತ್ತೆ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಹಣ್ಣೊಂದನ್ನು ಅವಳ ಬಾಯಿಗೆ ಹಾಕಿ, “ಇವತ್ತಾ?”

“ಇವತ್ತು.”

“ಉಹುಂ. ಜೇನು ಮುಂದೆ ಓಡ್ತಿದೆ, ಹುಳಿ ಹಿಂದೆ ಕುಂಟ್ತಿದೆ. ಎಲ್ಲಾ ಒಟ್ಟಿಗೆ ಊಟಕ್ಕೆ ಕೂತಾಗ ಇವತ್ತು ಅನ್ನು.”

ಅವಳು ‘ಇಲ್ಲ’ ಎಂದ ದಿನ, “ಉಹುಂ, ನಿನ್ನೆಯೇ ಆಗಿತ್ತು.” ವರ್ಷ ಹೋದಂತೆ ಅವಳ ಉತ್ತರ ಹತ್ತಿರ ಹತ್ತಿರ ಬಂತು. ‘ಉಹುಂ’ ಮಾತ್ರ ತಪ್ಪಲಿಲ್ಲ.

ಈ ವರ್ಷ ಅತ್ತೆ ಹಾಸಿಗೆ ಹಿಡಿದರು. ಅವಳು ದಿನವೂ ಬಸಿಯಲ್ಲಿ ಮೇಲಿನ ಸಾಲಿನ ಒಂದೆರಡು ಹಣ್ಣು ತಂದು ಕೊಡುತ್ತಿದ್ದಳು. ಅತ್ತೆ ಒಸಡಿನಲ್ಲೇ ಅಗಿದು ಬಟ್ಟಲಿಗೆ ಉಗಿಯುತ್ತಿದ್ದರು. ಸಾಯುವ ಹಿಂದಿನ ಮಧ್ಯಾಹ್ನ ದನಿ ಬತ್ತಿಹೋಗಿತ್ತು. ತುಟಿಯ ಅಲುಗಾಟದಿಂದಲೇ ಪ್ರಶ್ನೆ ತಿಳಿಯಿತು. ಇವತ್ತಾ?

“ಇಲ್ಲ ಅತ್ತೆ,” ಎಂದಳು ಅವಳು. “ಇನ್ನೊಂದು ಬಿಸಿಲು.”

ಅವಳು ‘ಉಹುಂ’ಗೆ ಕಾದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಜೀವಮಾನವೆಲ್ಲ ಉಗಿದವರು ಆ ಹಣ್ಣನ್ನು ನುಂಗಿದ್ದರು.

ಅದನ್ನು ನೋಡಿದವರು ಅವಳನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಹೇಳಿದರೆ ಯಾರು ನಂಬುತ್ತಾರೆ? ಸಾಯುವ ಮುದುಕಿ ಒಂದು ದ್ರಾಕ್ಷಿ ನುಂಗಿದಳು, ಅದಕ್ಕೇನು?

*

ಮಣ್ಣು ಮುಗಿಸಿ ಇಳಿಯುವಾಗ ಕೊಯ್ಯುವವರು ಆಗಲೇ ಮೇಲಿನ ಸಾಲುಗಳ ತುದಿಯಲ್ಲಿ ಹಣ್ಣು ತುಂಬುವ ಪೆಟ್ಟಿಗೆಗಳನ್ನು ಜೋಡಿಸಿದ್ದರು. ಲಾರಿಯವನು ಟೈರಿಗೆ ಒರಗಿ ನಿಂತಿದ್ದವನು, ಜನ ಬಂದದ್ದು ನೋಡಿ ಮರ್ಯಾದೆಗೆ ಬೀಡಿ ಆರಿಸಿದ.

“ತಪ್ಪು ತಿಳೀಬೇಡಿ ಅಕ್ಕ,” ಎಂದ ಮಗಳಿಗೆ. “ಬೆಟ್ಟದ ಆ ಕಡೆ ಕಪ್ಪಾಗಿದೆ. ಮಳೆ ಹಿಡಿದ್ರೆ ಈ ಇಳಿಜಾರಲ್ಲಿ ನಾನು ಲಾರಿ ಸಮೇತ ಹೊಳೆಗೆ ಹೋಗ್ತೀನಿ. ಶುರು ಮಾಡ್ಸಿ.”

ಗಾಳಿ ತಿರುಗಿತ್ತು. ಬೆಟ್ಟದ ಕಡೆಯಿಂದ ಬರುತ್ತಿತ್ತು. ಮಂಜು ಅಲ್ಲಲ್ಲಿ ಹರಿದು, ಸಾಲುಗಳು ಒಂದೊಂದಾಗಿ ಹೊರಬರುತ್ತಿದ್ದವು.

“ಶುರು ಮಾಡಿ,” ಎಂದಳು ಮಗಳು.

ಕೊಯ್ಯುವವರು ಬಗ್ಗಿದರು. ಸೊಸೆ ಹೋಗಿ ಮೊದಲ ಸಾಲಿಗೆ ಅಡ್ಡ ನಿಂತಳು. ಕೈಯಲ್ಲಿ ಏನೂ ಇರಲಿಲ್ಲ.

“ಪಕ್ಕಕ್ಕೆ ಬಾ.”

“ಬರಲ್ಲ ಅತ್ತಿಗೆ.”

“ಜನರ ಮುಂದೆ ನಾಟಕ ಬೇಡ. ನನಗೇನು ಸಂತೋಷಾನಾ? ಇದೂ ಮಳೆಗೆ ಸಿಕ್ಕಿದ್ರೆ ಮುಂದಿನ ವರ್ಷ ಕಂಬ ತಂತಿಯ ದುಡ್ಡಿಗೆ ಏನು ಮಾಡ್ತೀರಿ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ಗೊತ್ತು. ನೀವು ಸುಳ್ಳು ಹೇಳ್ತಿಲ್ಲ.”

“ಮತ್ತೆ? ‘ಅತ್ತೆ ಹೇಳಿದ್ರು’ ಅಂತೀಯಾ? ನಿಂಗೇ ಹೇಳಿದ್ಲು ಅಲ್ವಾ, ಎಲ್ಲಾ ನಿಂಗೇ!” ಮಗಳ ದನಿ ಒಡೆಯಿತು. ಅವಳಿಗೇ ಗೊತ್ತಿಲ್ಲದೆ ಕೈ ಜೇಬಿಗೆ ಹೋಗಿತ್ತು. “ನಾನು ನಡೆಯೋದು ಕಲಿತದ್ದು ಈ ಸಾಲಲ್ಲಿ, ಈ ತಂತಿ ಹಿಡ್ಕೊಂಡು. ದೇವರಾಣೆ, ಒಂದು ದಿನ, ಒಂದೇ ಒಂದು ದಿನ ನನ್ನ ಕೇಳಲಿಲ್ಲ. ಬಾಗಿಲಲ್ಲಿ ನಿಂತು ನೋಡ್ತಿದ್ದೆ. ನಿನ್ನ ಬಾಯಿಗೆ ಹಾಕಿ ‘ಇವತ್ತಾ? ಇವತ್ತಾ?’ ಅಂತ. ನೀನು ತಪ್ಪು ಹೇಳಿದ್ರೂ ಮಾರನೇ ದಿನ ಮತ್ತೆ ನಿನ್ನೇ ಕೇಳೋಳು.”

ಕೊಯ್ಯುವವರು ನೆಟ್ಟಗಾದರು. ಮಗ ಟೊಪ್ಪಿಗೆ ತೆಗೆದು ಹಾಕಿಕೊಂಡ, ಮತ್ತೆ ತೆಗೆದ.

ಕತ್ತರಿ ನನ್ನದು, ಕೊಡಿ ಎನ್ನುವ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ನ್ಯಾಯವಾದ ಮಾತೇ. ಆದರೆ ಎದುರಿಗೆ ನಿಂತವಳ ಮುಖದಲ್ಲಿ ಅವಳಿಗೆ ಅತ್ತೆಯ ಗಲ್ಲ ಕಾಣಿಸಿತು, ಹುಳಿ ಕಚ್ಚಿದಾಗ ಬಿಗಿಯುತ್ತಿದ್ದ ಅದೇ ಗಲ್ಲ. ಅವಳು ಬಗ್ಗಿ, ಎಲೆ ಸರಿಸಿ, ಗೊಂಚಲಿನ ಬೆನ್ನಿನಿಂದ ಒಂದು ಹಣ್ಣು ಕಿತ್ತಳು. ಮುಂದೆ ಬಂದು ಅದನ್ನು ಮಗಳ ತುಟಿಯ ಹತ್ತಿರ ಹಿಡಿದಳು.

“ಅತ್ತಿಗೆ. ಇವತ್ತಾ?”

ಮಗಳು ಅವಳನ್ನೇ ದಿಟ್ಟಿಸಿದಳು. ಕಾರ್ಖಾನೆಯ ಗೇಟಿನಲ್ಲಿ ಅವಳು ದಿನಕ್ಕೆ ಎಷ್ಟೋ ಲಾರಿಯ ಹಣ್ಣು ರುಚಿ ನೋಡುವವಳು. ಈ ಒಂದು ಹಣ್ಣಿಗೆ ಬಾಯಿ ತೆರೆಯಲು ಬಹಳ ಹೊತ್ತು ಹಿಡಿಯಿತು.

ಅಗಿದಳು. ಕಣ್ಣು ಮುಚ್ಚಿತು. ಗಲ್ಲ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿಯಿತು. ಲಾರಿಯವನು ಆಕಾಶ ನೋಡಿದ. ಎಲ್ಲೋ ಒಂದು ಎಲೆಯಿಂದ ಹನಿ ಬಿದ್ದದ್ದು ಕೇಳಿಸಿತು.

ಮಗಳು ಪಕ್ಕಕ್ಕೆ ತಿರುಗಿ ಸಿಪ್ಪೆ ಉಗಿದಳು.

“ಉಹುಂ,” ಎಂದಳು.

ತಾಯಿಯ ದನಿಯೇ. ಶವಪೆಟ್ಟಿಗೆ ಹೊತ್ತಿದ್ದವರಲ್ಲಿ ಒಬ್ಬ ಬೆಚ್ಚಿ ಮೇಲಿನ ದಾರಿಯ ಕಡೆ ನೋಡಿದ.

“ಜೇನು ಮುಂದೆ ಹೋಗ್ತಿದೆ,” ಎಂದಳು ಮಗಳು, ತನಗೇ ಹೇಳಿಕೊಳ್ಳುವ ಹಾಗೆ. “ಹುಳಿ ಇನ್ನೂ ಬಂದಿಲ್ಲ.” ಆಮೇಲೆ ಲಾರಿಯವನಿಗೆ, “ನೀನು ಹೋಗಪ್ಪ.”

“ಅಕ್ಕ, ಖಾಲಿ ಲಾರಿ ತಗೊಂಡು ಹೋದ್ರೆ ಅಲ್ಲಿ ನನ್ನ—”

“ನನ್ನ ಹೆಸರು ಹೇಳು. ಹಣ್ಣು ಆಗಿಲ್ಲ ಅಂದ್ಲು ಅಂತ ಹೇಳು.”

ಲಾರಿ ಹೋಯಿತು. ಕೊಯ್ಯುವವರು ಉಳಿದರು, ಊಟ ಇದೆಯಲ್ಲ ಎಂದು. ಊರವರೂ ಉಳಿದರು. ಸಾವಿನ ಮನೆಗೆ ಬಂದವರೆಲ್ಲ ಕರಿಬಟ್ಟೆಯಲ್ಲಿ ಸಾಲುಗಳ ತುದಿಯಲ್ಲಿ ಕೂತು ಆಕಾಶ ಕಾದರು. ಒಂದು ಕಡೆ ಬೆಟ್ಟದ ಮೇಲೆ ಕಪ್ಪು ಏರುತ್ತಿತ್ತು, ಇನ್ನೊಂದು ಕಡೆ ಹೊಳೆಯ ಮೇಲಿನ ಮಂಜು ತೆಳುವಾಗುತ್ತಿತ್ತು. “ಹುಳಿಯಮ್ಮ ಮೇಲೆ ಹೋದ ಕೂಡ್ಲೇ ಶುರು ಮಾಡಿರಬೇಕು,” ಎಂದ ಪಕ್ಕದ ತೋಟದ ಮುದುಕ. “ಬಿಸಿಲು ಸರಿಯಿಲ್ಲ, ಹುಳಿ ಅಂತ ದೇವರಿಗೂ ಹೇಳ್ತಿರ್ತಾಳೆ.” ಈ ಸಲ ಯಾರೂ ನಗಲಿಲ್ಲ. ಯಾರೋ ಮೆಲ್ಲಗೆ ಪ್ರಾರ್ಥನೆ ಶುರುಮಾಡಿದರು. ಅದು ಸತ್ತವಳಿಗೋ ಹಣ್ಣಿಗೋ ಎಂದು ಕೇಳಿದರೆ ಅವರಿಗೂ ಗೊತ್ತಿರಲಾರದು.

ಆಗ ಬಂತು. ದೊಡ್ಡ ಬಿಸಿಲೇನಲ್ಲ. ಮೋಡದ ಅಂಚಿಗೂ ಮಂಜಿನ ಅಂಚಿಗೂ ನಡುವಿನ ಸಂದಿನಿಂದ ಓರೆಯಾಗಿ, ಹಳೆಯ ದ್ರಾಕ್ಷಾರಸದ ಬಣ್ಣದಲ್ಲಿ, ಮೇಲಿನ ಸಾಲುಗಳ ಮೇಲೆ ಬಿತ್ತು. ಎಲೆಗಳಿಂದ ಉಗಿ ಎದ್ದಿತು. ಗೊಂಚಲುಗಳ ಮೇಲಿನ ಬೂದು ಬೂಷ್ಟು ಒಣಗಿ, ಅದರ ಕೆಳಗೆ ಸುಕ್ಕಾದ ಹಣ್ಣು ಹೊಳೆಯತೊಡಗಿತು.

ಸೊಸೆ ಸಾಲಿನ ಒಳಗೆ ಹೋದಳು. ಕಾದಳು. ಒಂದು ಹಣ್ಣು ಬಾಯಿಗೆ ಹಾಕಿದಳು, ಉಗಿದಳು. ಮತ್ತೆ ಕಾದಳು. ಬೆಟ್ಟದ ಮೇಲೆ ಗುಡುಗು ಒಮ್ಮೆ ಗಂಟಲು ಸರಿಮಾಡಿಕೊಂಡಿತು. “ಸಾಕು, ಆಯ್ತಲ್ಲ,” ಎಂದ ಗಂಡ. ಅವಳು ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು.

ಇನ್ನೊಂದು ಹಣ್ಣು. ಈ ಸಲ ಜೇನು, ಹುಲ್ಲು, ಸೇಬು, ಹುಳಿ ಎಲ್ಲವೂ ಒಟ್ಟಿಗೆ ಬಂದು ನಾಲಿಗೆಯ ಮೇಲೆ ಊಟಕ್ಕೆ ಕೂತವು.

ಅವಳು ನುಂಗಿದಳು.

“ಈಗ,” ಎಂದಳು. “ನಾನು ಮುಟ್ಟಿದ್ದು ಮಾತ್ರ. ಉಳಿದದ್ದು ಹಾಗೇ ಬಿಡಿ.”

ಅವಳು ಬಾಗಿದ ಚಾಕು ಹಿಡಿದು ಮುಂದೆ ಮುಂದೆ ಹೋದಳು, ಗೊಂಚಲುಗಳ ತಲೆ ಸವರುತ್ತ. ಇದು ಹೌದು, ಇದು ಅಲ್ಲ, ಇದರಲ್ಲಿ ಅರ್ಧ. ಹಿಂದೆ ಕರಿಬಟ್ಟೆಯ ಜನ ಕೊಯ್ಯುತ್ತ ಬಂದರು. ಸಾಲಿನ ಆಚೆ ಬದಿಯಲ್ಲಿ, ಎಲೆಗಳ ಹಿಂದಿನಿಂದ, ಅವಳಿಗೆ ಸಮನಾಗಿ ಒಂದು ಸದ್ದು ಬರುತ್ತಿತ್ತು: ‘ಟಿಣ್, ಟಿಣ್.’ ಮಗಳು ಕೋಟು ಬಿಚ್ಚಿಟ್ಟು ಕೊಯ್ಯುತ್ತಿದ್ದಳು. ಇಬ್ಬರೂ ಎಲೆಗಳ ಸಂದಿನಿಂದ ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೆ ಅವಳು ಮುಟ್ಟುವ ಮೊದಲೇ ಕೆಲವು ಗೊಂಚಲು ಆ ಕಡೆಯಿಂದ ಕೊಯ್ದು ಹೋಗಿದ್ದವು, ಎಲ್ಲವೂ ಸರಿಯಾದವೇ.

ಕೊನೆಯ ಸಾಲಿನ ಅರ್ಧಕ್ಕೆ ಮಳೆ ಬಂತು. ಅರ್ಧ ಸಾಲು ಮಳೆಗೆ ಹೋಯಿತು. ತುಂಬಿದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಎಲ್ಲರೂ ಓಡಿ ರಸ ಹಿಂಡುವ ಕೊಟ್ಟಿಗೆಗೆ ಬಂದರು. ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು.

ಜನ ಒಬ್ಬೊಬ್ಬರಾಗಿ ಹೊರಟಮೇಲೆ ಮಗಳು ತೊಟ್ಟಿಯ ನೀರಿನಲ್ಲಿ ಕತ್ತರಿ ತೊಳೆದಳು. ಅಂಟಿದ ಸಿಹಿ ಹೋಗುವ ತನಕ ತೊಳೆದು, ಮೂಲೆಯಲ್ಲಿ ಕೆಂಪು ಗಂಟಿದ್ದ ತನ್ನ ಕರವಸ್ತ್ರದಲ್ಲಿ ಒರೆಸಿದಳು. ತಮ್ಮನ ಎಣ್ಣೆ ಡಬ್ಬಿಯಿಂದ ಸ್ಪ್ರಿಂಗಿಗೆ ಒಂದು ತೊಟ್ಟು ಎಣ್ಣೆ ಬಿಟ್ಟಳು. ಅಡುಗೆಮನೆಗೆ ಹೋದಳು. ಸೊಸೆ ಒಲೆಯ ಮುಂದೆ ನಿಂತಿದ್ದಳು. ಮೊಳೆ ಕೈಗೆಟುಕುವಷ್ಟು ಹತ್ತಿರವಿತ್ತು. ಮಗಳು ಮೊಳೆಯ ಕಡೆ ನೋಡಲಿಲ್ಲ.

“ಅಮ್ಮನ ದಿಂಬಿನ ಕೆಳಗಿತ್ತು,” ಎಂದಳು. ಅಷ್ಟೇ ಹೇಳಿ, ಕತ್ತರಿಯ ಅಲಗನ್ನು ತನ್ನ ಕಡೆ ಇಟ್ಟುಕೊಂಡು, ಹಿಡಿಯನ್ನು ಸೊಸೆಯ ಅಂಗೈಯಲ್ಲಿಟ್ಟು, ಒದ್ದೆ ಕೋಟು ಹಾಕಿಕೊಂಡು ಹೊರಗೆ ಹೋದಳು.

ಸೊಸೆಯ ಹೆಬ್ಬೆರಳಿಗೆ ಹಿಡಿಯ ಬುಡದಲ್ಲಿ ಏನೋ ತಡೆಯಿತು. ಒಲೆಯ ಬೆಳಕಿಗೆ ಹಿಡಿದು ನೋಡಿದಳು. ಹೊಸ ದಾರ, ಮೊನ್ನೆ ಮೊನ್ನೆ ಸುತ್ತಿದ್ದು, ನಡುಗುವ ಕೈಯಲ್ಲಿ ಹಾಕಿದ ಸಣ್ಣ ಗಂಟು. ಹಸಿರು.